ಬೇಡಪ್ಪನ ಹತ್ತು ಚೆಂಡು

ಅವನಿಗೆ ಬೇಡಪ್ಪ ಎಂದು ಹೆಸರಿಟ್ಟವನು ನಾನೇ. ಹೊಟ್ಟೆಯುರಿಯಿಂದ ಇಟ್ಟ ಹೆಸರು. ಗಾಲ್ಫ್ ಅಭ್ಯಾಸದ ಮೈದಾನಕ್ಕೆ ಅಂಟಿಕೊಂಡ ನಮ್ಮ ಅಂಗಡಿಯಲ್ಲಿ ಮುಂದಿನ ಕೌಂಟರ್ ನನ್ನದು, ಹಿಂದಿನ ರಿಪೇರಿ ಕೋಣೆ ಅವನದು. ನಾನು ಅರ್ಧ ಗಂಟೆ ಗಂಟಲು ಹರಿದುಕೊಂಡು ಗಿರಾಕಿಯನ್ನು ಒಪ್ಪಿಸಿ, "ಒಳಗೆ ಹೋಗಿ ಅಳತೆ ಕೊಟ್ಟು ಬನ್ನಿ ಸಾರ್" ಎಂದು ಕಳಿಸಿದರೆ, ಹತ್ತು ನಿಮಿಷದಲ್ಲಿ ಆ ಗಿರಾಕಿ ಬರಿಗೈಯಲ್ಲಿ ಹೊರಗೆ ಬರುತ್ತಿದ್ದ. ಒಳಗಿನಿಂದ ನನಗೆ ಕೇಳುತ್ತಿದ್ದುದು ಒಂದೇ ಮಾತು: "ಬೇಡಪ್ಪಾ, ನಿಮಗಿದು ಬೇಡ." ಮಾರಾಟದಲ್ಲಿ ನೂರಕ್ಕೆ ಎರಡರಂತೆ ಕಮಿಷನ್ ತಿಂದು ಬದುಕುವವನಿಗೆ ಆ ಮಾತು ಹೇಗೆ ಕೇಳಿಸಬೇಕು ನೀವೇ ಹೇಳಿ.

ಗಾಲ್ಫ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಸ್ಟಿಕ್ಕಿನ ಕೆಳತುದಿಯಲ್ಲಿ ಚೆಂಡಿಗೆ ತಾಗುವ ತಲೆ, ಮೇಲ್ತುದಿಯಲ್ಲಿ ರಬ್ಬರಿನ ಹಿಡಿ, ನಡುವೆ ಉದ್ದನೆಯ ಕೊಳವೆ. ಆ ಕೊಳವೆಯೇ ಶಾಫ್ಟ್. ಸ್ಟೀಲಿನದ್ದು ಅಗ್ಗ, ಭಾರ, ಗಟ್ಟಿ. ಕಾರ್ಬನ್ನಿನದ್ದು ಹಗುರ. ಕಾರ್ಬನ್ನಿನಲ್ಲೂ ಮೇಲಿನ ದರ್ಜೆಯದ್ದನ್ನು ಒಂದು ಸೆಟ್ ಹಾಕಿಸಿದರೆ ಆ ದುಡ್ಡಿಗೆ ಓಡುವ ಸ್ಥಿತಿಯಲ್ಲಿರುವ ಸ್ಕೂಟರ್ ಬರುತ್ತದೆ. ಕಣ್ಣಿಗೆ ಕಾಣುವುದು ಬಣ್ಣ ಬಳಿದ ಕೊಳವೆ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ಆ ಅಕ್ಷರವನ್ನು ಮಾರುವುದೇ ನನ್ನ ಹೊಟ್ಟೆಪಾಡು.

ಬೇಡಪ್ಪನಿಗೆ ಆ ಅಕ್ಷರ ಕಂಡರೆ ಆಗುತ್ತಿರಲಿಲ್ಲ. ಅದಕ್ಕಾಗಿಯೇ ಅವನದೊಂದು ಪರೀಕ್ಷೆ ಇತ್ತು. ಒಂದೇ ಬಗೆಯ ತಲೆಯಿರುವ ಎರಡು ಸ್ಟಿಕ್ಕು ತೆಗೆದುಕೊಳ್ಳುತ್ತಿದ್ದ, ಒಂದಕ್ಕೆ ಸಾಧಾರಣ ಶಾಫ್ಟ್, ಇನ್ನೊಂದಕ್ಕೆ ದುಬಾರಿಯದ್ದು. ಎರಡಕ್ಕೂ ಮೇಲಿಂದ ಕೆಳಗಿನವರೆಗೆ ಕಪ್ಪು ಟೇಪು ಸುತ್ತುತ್ತಿದ್ದ. ಗಿರಾಕಿ ಇದರಲ್ಲಿ ಐದು, ಅದರಲ್ಲಿ ಐದು, ಒಟ್ಟು ಹತ್ತು ಚೆಂಡು ಹೊಡೆಯಬೇಕು. ಬೇಡಪ್ಪ ಪಕ್ಕದಲ್ಲಿ ಹಲಗೆ ಹಿಡಿದು ನಿಂತು, ಪ್ರತಿ ಚೆಂಡು ಬಿದ್ದ ಜಾಗವನ್ನು ಸೀಮೆಸುಣ್ಣದ ಚುಕ್ಕೆಯಾಗಿ ಗುರುತು ಮಾಡುತ್ತಿದ್ದ. ಕೊನೆಗೆ ಹಲಗೆಯನ್ನು ಗಿರಾಕಿಯ ಮುಖಕ್ಕೆ ತಿರುಗಿಸಿ, "ದುಬಾರಿದು ಯಾವ್ದು ಹೇಳಿ ನೋಡೋಣ" ಎನ್ನುತ್ತಿದ್ದ. ಹೆಚ್ಚಿನವರು ತಪ್ಪಾಗಿ ತೋರಿಸುತ್ತಿದ್ದರು. ಸರಿಯಾಗಿ ತೋರಿಸಿದವರ ಚುಕ್ಕೆಗಳೂ ಎರಡೂ ಕಡೆ ಒಂದೇ ರೀತಿ ಚೆಲ್ಲಾಪಿಲ್ಲಿಯಾಗಿರುತ್ತಿದ್ದವು.

ಒಮ್ಮೆ ಒಬ್ಬ ಹಲ್ಲಿನ ಡಾಕ್ಟರನ್ನು ಮೂರು ವಾರ ಹಿಂದೆ ಬಿದ್ದು ಒಪ್ಪಿಸಿದ್ದೆ. ಆತ ಚೆಕ್ ಪುಸ್ತಕ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. ಹತ್ತು ಚೆಂಡು ಮುಗಿದ ಮೇಲೆ ಬೇಡಪ್ಪ ಹೇಳಿದ, "ಡಾಕ್ಟ್ರೇ, ತೊಂದ್ರೆ ಶಾಫ್ಟಲ್ಲಿಲ್ಲ. ನಿಮ್ಮ ಸೊಂಟ ತಿರುಗ್ತಿಲ್ಲ. ಈ ದುಡ್ಡಲ್ಲಿ ಹೆಂಡ್ತಿ ಮಕ್ಕಳನ್ನ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬನ್ನಿ. ಇದು ಬೇಡಪ್ಪಾ." ಡಾಕ್ಟರು ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಮೂವತ್ತು ವರ್ಷದಿಂದ ಹಲ್ಲು ಕೀಳ್ತಿದ್ದೀನಿ. ಒಬ್ರಿಗೂ ಇಷ್ಟು ನೋಯಿಸಿಲ್ಲ ಕಣ್ರೀ."

ನಾನು ಒಳಗೆ ಹೋಗಿ ಕೂಗಾಡಿದೆ. "ಏನಯ್ಯ, ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ? ಅವ್ರ ದುಡ್ಡು, ಅವ್ರ ಆಸೆ. ನಿನ್ನ ಗಂಟೇನು ಹೋಗುತ್ತೆ?"

ಅವನು ಬಿಸಿಗಾಳಿಯ ಯಂತ್ರದಿಂದ ಒಂದು ಹಳೆಯ ಸ್ಟಿಕ್ಕಿನ ತಲೆಯ ಅಂಟನ್ನು ಕರಗಿಸುತ್ತಿದ್ದ. ತಲೆಯೆತ್ತಲಿಲ್ಲ. "ಸುಳ್ಳು ಹೇಳು ಅಂತೀಯಾ?" ಎಂದ. ಅಷ್ಟೇ.

ಯಜಮಾನರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಅಂಗಡಿಯೇ ಮುಚ್ಚುತ್ತಿತ್ತು. ಬೇಡ ಅನ್ನಿಸಿಕೊಂಡು ಹೋದವನೇ ವರ್ಷವರ್ಷ ಹಿಡಿ ಬದಲಿಸಲು, ಬಾಗಿದ್ದನ್ನು ನೆಟ್ಟಗೆ ಮಾಡಿಸಲು ಅವನನ್ನು ಹುಡುಕಿಕೊಂಡು ಬರುತ್ತಿದ್ದ. ಬೇಡಪ್ಪ ಬೇಡ ಅಂದರೆ ಬೇಡ, ಅದರ ಮೇಲೆ ಎರಡನೇ ಮಾತಿಲ್ಲ ಎಂದು ಮೈದಾನದಲ್ಲೆಲ್ಲ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿದಾಗ ಅವನ ಕಿವಿಯ ತುದಿ ಕೆಂಪಗಾಗುತ್ತಿತ್ತು. ಹೆಮ್ಮೆ ಇತ್ತು ಅವನಿಗೆ. ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅವನಿಗೆ ಒಬ್ಬಳೇ ಮಗಳು, ಪುಟ್ಟಿ. ತಾಯಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಜೆಯವರೆಗೂ ಕೆಲಸ. ಆದ್ದರಿಂದ ಶಾಲೆ ಬಿಟ್ಟ ಕೂಡಲೇ ಹುಡುಗಿ ನಮ್ಮ ಅಂಗಡಿಗೆ ಬರುತ್ತಿದ್ದಳು. ಆರು ವರ್ಷದವಳಿದ್ದಾಗ ಅಪ್ಪ ಯಾರೋ ಬಿಟ್ಟು ಹೋದ ಗಂಡಸರ ಸ್ಟೀಲ್ ಸ್ಟಿಕ್ಕೊಂದನ್ನು ಹಿಡಿಯ ಕಡೆಯಿಂದ ಗರಗಸದಲ್ಲಿ ಕೊಯ್ದು ಅವಳ ಎತ್ತರಕ್ಕೆ ಮಾಡಿಕೊಟ್ಟ. ಅವಳು ಬೆಳೆದಂತೆ ಕೊಯ್ದ ತುದಿಗೆ ತುಂಡು ಸೇರಿಸಿ ಅಂಟು ಹಾಕಿ ಉದ್ದ ಮಾಡುತ್ತಾ ಬಂದ. ಅಮ್ಮಂದಿರು ಲಂಗದ ಮಡಿಕೆ ಬಿಚ್ಚಿ ಬಿಚ್ಚಿ ಇಳಿಸುತ್ತಾರಲ್ಲ, ಹಾಗೆ. ನಾವೆಲ್ಲ ನೋಡಿ ಮೆಚ್ಚಿಕೊಂಡೆವು. ಗಂಡಸರ ಶಾಫ್ಟನ್ನು ಮೋಟು ಮಾಡಿದರೆ ಅದು ಇನ್ನಷ್ಟು ಬಿರುಸಾಗುತ್ತದೆ, ಮಗುವಿನ ಕೈಗೆ ಕಬ್ಬಿಣದ ಸಲಾಕೆ ಕೊಟ್ಟ ಹಾಗೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆಯವರು ತಮ್ಮ ಮಕ್ಕಳಿಗೆ ಹಾಗೆ ಕೊಯ್ದು ಕೊಡಿ ಎಂದರೆ ಬೈಯುತ್ತಿದ್ದ. ಆದರೆ ಪುಟ್ಟಿ ಆ ಸಲಾಕೆಯಲ್ಲೇ ಎಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು. ಚೆನ್ನಾಗಿ ಹೊಡೆಯುವವಳನ್ನು ನೋಡಿ ತೊಂದರೆ ಇದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಹನ್ನೆರಡು ವರ್ಷಕ್ಕೆ ಅವಳು ಹೊಡೆಯುವಾಗ ಅಕ್ಕಪಕ್ಕದ ಗಂಡಸರು ತಮ್ಮ ಆಟ ನಿಲ್ಲಿಸಿ ನೋಡುತ್ತಿದ್ದರು. ಹದಿನಾರಕ್ಕೆ ಅವರ ಮನೆಯ ಫ್ರಿಜ್ಜಿನ ಮೇಲೆ ಗೆದ್ದು ತಂದ ಕಪ್ಪುಗಳಿಗೆ ಜಾಗ ಸಾಲದೆ ಅಮ್ಮ ಕೆಲವನ್ನು ಮಂಚದ ಕೆಳಗೆ ತಳ್ಳಿದ್ದಳು. ದಿನಕ್ಕೆ ನಾನೂರು ಚೆಂಡು. ನಮ್ಮ ಮೈದಾನದಲ್ಲಿ ನಿಂತು ಹೊಡೆಯುವ ಕಡೆ ಹುಲ್ಲಿಲ್ಲ, ಹಸಿರು ಚಾಪೆ. ಚಾಪೆಯ ಕೆಳಗೆ ಕಾಂಕ್ರೀಟು. ಸ್ಟಿಕ್ಕಿನ ತಲೆ ಚೆಂಡಿನ ಜೊತೆಗೆ ಆ ಕಾಂಕ್ರೀಟಿಗೂ ಬಡಿಯುತ್ತದೆ. ಬಡಿದ ಪೆಟ್ಟು ಎಲ್ಲಿಗೆ ಹೋಗುತ್ತದೆ ಎಂದು ನಾನಂತೂ ಒಂದು ದಿನವೂ ಯೋಚಿಸಿದವನಲ್ಲ.

ಅವಳಿಗೆ ಹದಿನೇಳಾಗಿದ್ದಾಗ ಕಂಪನಿಯವನೊಬ್ಬ ದುಬಾರಿ ಕಾರ್ಬನ್ ಶಾಫ್ಟಿನ ಒಂದು ಸೆಟ್ಟನ್ನು ಗಿರಾಕಿಗಳಿಗೆ ತೋರಿಸಲೆಂದು ನನ್ನ ಬಳಿ ಬಿಟ್ಟು ಹೋದ. ಪುಟ್ಟಿ ನನ್ನ ಕಪಾಟಿನಿಂದ ಒಂದನ್ನು ತೆಗೆದುಕೊಂಡು ಹೋಗಿ ಒಂದು ಬುಟ್ಟಿ ಚೆಂಡು ಹೊಡೆದು ಬಂದಳು. ಸ್ಟಿಕ್ಕನ್ನು ವಾಪಸು ಕೊಡುವಾಗ ಹೇಳಿದಳು, "ಮಾಮ, ಇದ್ರಲ್ಲಿ ಹೊಡೆದ್ರೆ ಕೈಗೆ ಏನೂ ಆಗಲ್ಲ."

"ಏನೂ ಆಗದೇ ಇರೋದಕ್ಕೆ ಇಷ್ಟು ದುಡ್ಡಾ ಪುಟ್ಟಿ?" ಎಂದು ನಾನು ನಕ್ಕೆ. ಶಾಫ್ಟ್ ಮಾರಿ ಬದುಕುವವನು ನಾನು! ಹುಡುಗಿ ತಾನಾಗಿಯೇ ಬಂದು, ಬೇರೆ ಸ್ಟಿಕ್ಕಲ್ಲಿ ಕೈಗೆ ಏನೋ ಆಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದ ಹಾಗಿತ್ತು. ನನ್ನ ಕಿವಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

ದುಡ್ಡಿನ ಅಡ್ಡಿ ಇರಲಿಲ್ಲ. ಅಸಲು ಬೆಲೆಗೆ ಕೊಡುತ್ತೇನೆ, ನಿಧಾನವಾಗಿ ತೀರಿಸು ಎಂದು ಯಜಮಾನರು ತಾವಾಗಿಯೇ ಹೇಳಿದರು. ಹುಡುಗಿ ಗೆದ್ದರೆ ಅಂಗಡಿಗೂ ಹೆಸರು. ಉಳಿದದ್ದು ಅಪ್ಪನ ಒಂದು ಹೂಂ ಮಾತ್ರ. ಬೇಡಪ್ಪ ಎರಡು ಸ್ಟಿಕ್ಕಿಗೆ ಟೇಪು ಸುತ್ತಿ ತಂದ.

ನಾನೂ ನೋಡಲು ಹೋಗಿದ್ದೆ. ಶನಿವಾರ ಬೆಳಿಗ್ಗೆ, ಗಾಳಿ ಇರಲಿಲ್ಲ. ಅವಳು ಸ್ಟೀಲಿನಲ್ಲಿ ಐದು ಹೊಡೆದಳು, ಕಾರ್ಬನ್ನಿನಲ್ಲಿ ಐದು. ಹಲಗೆಯ ಮೇಲಿನ ಹತ್ತೂ ಚುಕ್ಕೆಯನ್ನು ಒಂದು ಅಂಗೈಯಲ್ಲಿ ಮುಚ್ಚಬಹುದಿತ್ತು. ಅಷ್ಟು ವರ್ಷದಲ್ಲಿ ಅಂಥ ಹಲಗೆಯನ್ನು ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅವನ ಮುಖ ಅರಳಿತು.

"ನೋಡಿದ್ಯಾ? ಆಟ ನಿನ್ನ ಕೈಯಲ್ಲಿದೆ, ಕೊಳವೇಲಿಲ್ಲ. ಬೇಡಮ್ಮ ಇದು."

"ಇದು ಮೆತ್ತಗಿದೆ ಅಪ್ಪ."

"ಮೆತ್ತಗಿರೋಕೆ ಅದೇನು ಹಾಸಿಗೇನಾ?"

ನಾನು ನಕ್ಕೆ. ಅವಳೂ ನಕ್ಕಳು. ಅಪ್ಪನ ಮಾತೆಂದರೆ ಅವಳಿಗೂ ಎರಡನೇ ಮಾತಿರಲಿಲ್ಲ. ಆ ಹಲಗೆಯಲ್ಲಿ ಚೆಂಡು ಎಲ್ಲಿ ಬಿತ್ತು ಎಂದು ಬರೆಯಲು ಜಾಗವಿತ್ತು, ಹೊಡೆದವಳ ಕೈಗೆ ಎಷ್ಟು ಪೆಟ್ಟು ಬಿತ್ತು ಎಂದು ಬರೆಯಲು ಜಾಗವಿರಲಿಲ್ಲ. ಎಂಥ ಸ್ಟಿಕ್ಕು ಕೊಟ್ಟರೂ ಚೆಂಡನ್ನು ಒಂದೇ ಜಾಗಕ್ಕೆ ಕಳಿಸುವಷ್ಟು ಜಾಣ ಮೈ ಅವಳದು. ಸ್ಟಿಕ್ಕಿನ ಕುಂದನ್ನೆಲ್ಲ ಅವಳ ಮಣಿಕಟ್ಟು ಸದ್ದಿಲ್ಲದೆ ತುಂಬಿಕೊಡುತ್ತಿತ್ತು. ನಮ್ಮ ಹಲ್ಲಿನ ಡಾಕ್ಟರಂಥವರಿಗೆ ಸರಿಯಾಗಿದ್ದ ಪರೀಕ್ಷೆ ಅವಳೊಬ್ಬಳಿಗೆ ತಪ್ಪಾಯಿತು.

ಎರಡು ವರ್ಷ ಕಳೆಯಿತು. ದೊಡ್ಡವರ ತಂಡಕ್ಕೆ ಆಯ್ಕೆ ನಡೆಯುವ ಪಂದ್ಯ, ನಾಲ್ಕು ದಿನದ ಆಟ. ಮೂರನೇ ದಿನ ಅವಳು ಎಲ್ಲರಿಗಿಂತ ಮುಂದಿದ್ದಳು. ಹನ್ನೊಂದನೇ ಗುಳಿಯ ಹತ್ತಿರ ಹೊಡೆದವಳು ಸ್ಟಿಕ್ಕನ್ನು ಕೈಬಿಟ್ಟಳು. ಬಗ್ಗಿ ಎತ್ತಿಕೊಂಡಳು, ಮತ್ತೆ ಬಿತ್ತು. ಮೂರನೇ ಸಲ ಎಡಗೈಯಲ್ಲಿ ಎತ್ತಿಕೊಂಡು ಅಪ್ಪ ನಿಂತಿದ್ದ ಹಗ್ಗದ ಬಳಿಗೆ ನಡೆದು ಬಂದಳು. "ಅಪ್ಪ, ಬೆರಳು ಮಡಚ್ತಾ ಇಲ್ಲ" ಎಂದಳು. ಅಳಲಿಲ್ಲ. ಏನಾಗಿದೆ ಎಂದು ಅವಳಿಗೆ ಆಗಲೇ ಗೊತ್ತಿದ್ದ ಹಾಗಿತ್ತು.

ಆಸ್ಪತ್ರೆಗೆ ಕಾರು ಓಡಿಸಿದವನು ನಾನು. ಮೂಳೆ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ಕಿರುಬೆರಳಿನ ಕಡೆಯ ಮಣಿಕಟ್ಟನ್ನು ಪೆನ್ನಿನ ತುದಿಯಲ್ಲಿ ತೋರಿಸಿದರು. ಒಳಗಿನ ಮೆತ್ತೆ ಸವೆದು ಹರಿದಿತ್ತು. ಒಂದು ದಿನದ್ದಲ್ಲ, ವರ್ಷಗಳದ್ದು ಎಂದರು. ಯಾವ ಸ್ಟಿಕ್ಕು? ಸ್ಟೀಲು. ಚಿಕ್ಕಂದಿನಲ್ಲಿ? ದೊಡ್ಡವರ ಸ್ಟೀಲನ್ನು ಕೊಯ್ದು ಮಾಡಿದ್ದು. ನೆಲ? ಕಾಂಕ್ರೀಟಿನ ಮೇಲೆ ಚಾಪೆ. ಪ್ರತಿ ಉತ್ತರವನ್ನೂ ಬೇಡಪ್ಪನೇ ಕೊಟ್ಟ, ಶಾಲೆಯಲ್ಲಿ ಎದ್ದು ನಿಂತು ಹೇಳುವವನ ಹಾಗೆ. ಕೊನೆಗೆ ಅವನು ಕೇಳಿದ, "ಹಗುರದ ಶಾಫ್ಟ್ ಹಾಕಿದ್ರೆ ಹೀಗಾಗ್ತಿರ್ಲಿಲ್ವಾ ಡಾಕ್ಟ್ರೇ?"

"ಹೇಳೋಕಾಗಲ್ಲ. ಅದೂ ಒಂದು ಕಾರಣ ಇರಬಹುದು. ಇಲ್ದೇನೂ ಇರಬಹುದು. ಕೆಲವರ ಮಣಿಕಟ್ಟೇ ಹಾಗಿರುತ್ತೆ. ಹೊಡೆಯೋ ರೀತೀಲಿ ದೋಷ ಇದ್ರೂ ಹೀಗಾಗುತ್ತೆ."

ಮನೆಗೆ ಹೋದ ಮೇಲೆ ಅವನ ಹೆಂಡತಿ ಕೂಗಾಡಲಿಲ್ಲ. ಮಗಳ ಕೈಗೆ ದಿಂಬು ಕೊಟ್ಟು ಮಲಗಿಸಿ ಬಂದು ಹೇಳಿದಳು, "ಊರಿಗೆಲ್ಲ ಹೇಳಿದ್ದನ್ನೇ ಮಗಳಿಗೂ ಹೇಳಿಬಿಟ್ರಿ." ಅವನು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದ.

ಎರಡು ಆಪರೇಷನ್ನು ಆಯಿತು. ಕೈ ಊಟಕ್ಕೆ, ಬರೆಯಲಿಕ್ಕೆ ಬಂತು, ಆಟಕ್ಕೆ ಬರಲಿಲ್ಲ. ಪುಟ್ಟಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಫ್ರೇಮಿನ ಪುಟಾಣಿ ಸ್ಕ್ರೂ ತಿರುಗಿಸಲು ಬಲಗೈ ಸಹಕರಿಸದೆ ಎಡಗೈ ಕಲಿತುಕೊಂಡಳು. ಆದರೂ ದಿನಾ ಬೆಳಿಗ್ಗೆ ರಬ್ಬರ್ ಚೆಂಡು ಹಿಸುಕುತ್ತಾಳೆ, ವರ್ಷಕ್ಕೊಮ್ಮೆ ಡಾಕ್ಟರ ಬಳಿ ಹೋಗಿ ಇನ್ನೊಂದು ಆಪರೇಷನ್ ಮಾಡಬಹುದೇ ಎಂದು ಕೇಳುತ್ತಾಳೆ ಎಂದು ಅಮ್ಮ ಹೇಳುತ್ತಿದ್ದಳು. ಅವಳ ಸ್ಟಿಕ್ಕಿನ ಚೀಲ ಕೋಣೆಯ ಮೂಲೆಯಲ್ಲಿ ನಿಂತೇ ಇತ್ತು.

ಇತ್ತ ನಮ್ಮವನು ಬೇಡ ಎನ್ನುವುದನ್ನೇ ಬಿಟ್ಟ. ಟೇಪಿನ ಸುರುಳಿ, ಹಲಗೆ ಯಾವುದನ್ನೂ ಮುಟ್ಟಲಿಲ್ಲ. ಗಿರಾಕಿ ಒಳಗೆ ಹೋಗಿ "ತಗೊಳ್ಲಾ?" ಎಂದರೆ, "ತಗೊಳ್ಳಿ" ಎನ್ನುತ್ತಿದ್ದ. ಎಪ್ಪತ್ತೈದು ವರ್ಷದ, ವಾರಕ್ಕೊಮ್ಮೆ ಗಾಳಿ ಕುಡಿಯಲು ಬರುವ ಮುದುಕರಿಗೂ ತಗೊಳ್ಳಿ, ಸ್ಟಿಕ್ಕು ಹಿಡಿಯಲು ಬಾರದ ಹೊಸಬನಿಗೂ ತಗೊಳ್ಳಿ. ಬೇಡಪ್ಪನೇ ತಗೋ ಅಂದನಂತೆ ಎಂದು ಜನ ಸಾಲುಗಟ್ಟಿದರು. ಒಂದೇ ವರ್ಷದಲ್ಲಿ ನಮ್ಮ ಮಾರಾಟ ಮೂರು ಪಟ್ಟಾಯಿತು. ಯಜಮಾನರು ಅವನಿಗೆ ಸಂಬಳ ಏರಿಸಿದರು. ನನ್ನ ಮನೆಗೆ ಹೊಸ ಬಟ್ಟೆ ಒಗೆಯುವ ಯಂತ್ರ ಬಂತು. ಅದು ತಿರುಗುವ ಸದ್ದು ಕೇಳಿದರೆ ನನಗೆ ಎದ್ದು ಹೊರಗೆ ಹೋಗಬೇಕೆನಿಸುತ್ತಿತ್ತು. ಇಪ್ಪತ್ತು ವರ್ಷ ನಾನು ಅವನಿಂದ ಬಯಸಿದ್ದು ಇದನ್ನೇ. ಸಿಕ್ಕಿದಾಗ ನನಗೆ ಬೇಡವಾಗಿತ್ತು.

ಹೋದ ತಿಂಗಳು, ಮಧ್ಯಾಹ್ನ ಮೂರರ ಹೊತ್ತಿಗೆ, ಪುಟ್ಟಿ ಅಂಗಡಿಗೆ ಬಂದಳು. ಅವಳಿಗೀಗ ಇಪ್ಪತ್ತಾರು. ಎಡಹೆಗಲಿಗೆ ಸ್ಟಿಕ್ಕಿನ ಚೀಲ.

"ಮಾಮ, ಇದನ್ನ ಮಾರಿಬಿಡಿ. ಬಂದಷ್ಟು ಬರ್ಲಿ."

"ಯಾಕಮ್ಮಾ, ಇರ್ಲಿ ಬಿಡು..."

"ಬೆಳಿಗ್ಗೆ ಡಾಕ್ಟ್ರ ಹತ್ರ ಹೋಗಿದ್ದೆ. ಇನ್ನು ಮಾಡೋಕೆ ಏನೂ ಉಳಿದಿಲ್ಲ, ಮುಂದಿನ ವರ್ಷ ಬರ್ಬೇಡಿ ಅಂದ್ರು."

ಚೀಲವನ್ನು ಕೌಂಟರಿಗೆ ಒರಗಿಸಿ ಅವಳು ರಿಪೇರಿ ಕೋಣೆಗೆ ಹೋದಳು. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಬೇಡಪ್ಪ ಒಂದು ಹಿಡಿಯ ಹಳೆಯ ರಬ್ಬರನ್ನು ಸುಲಿಯುತ್ತಿದ್ದ. ಮಗಳನ್ನು ನೋಡಿ ಚಾಕು ಕೆಳಗಿಟ್ಟ. ಏಳು ವರ್ಷದಲ್ಲಿ ಅವಳು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಅವಳು ಡಾಕ್ಟರು ಹೇಳಿದ್ದನ್ನು ಹೇಳಿದಳು. ಆಮೇಲೆ, "ಒಂದು ಮಾತು ಕೇಳ್ತೀನಿ ಅಪ್ಪ, ಸುತ್ತಿ ಬಳಸಿ ಹೇಳ್ಬೇಡ" ಎಂದಳು.

"ಕೇಳು."

"ಅವತ್ತು ಆ ಶಾಫ್ಟ್ ಹಾಕ್ಸಿದ್ರೆ ಏನಾದ್ರೂ ವ್ಯತ್ಯಾಸ ಆಗ್ತಿತ್ತಾ?"

ಅವನು ಸುಲಿದ ರಬ್ಬರಿನ ಚೂರುಗಳನ್ನು ಒಂದು ಕಡೆ ಗುಡ್ಡೆ ಮಾಡತೊಡಗಿದ.

"ಎಷ್ಟು ಜನಕ್ಕೆ ಹೇಳಿದ್ದೀಯ ಅಪ್ಪ, ಏನೂ ವ್ಯತ್ಯಾಸ ಆಗಲ್ಲ ಅಂತ. ನನಗೂ ಒಂದು ಸಲ ಹೇಳಿಬಿಡು. ನಾನು ನಂಬ್ತೀನಿ. ಹಣೇಲಿ ಇಷ್ಟೇ ಬರೆದಿತ್ತು ಅಂದ್ಕೊಂಡು ಸುಮ್ನಾಗ್ತೀನಿ."

ಬೈಯಲು ಬಂದವಳ ದನಿಯಲ್ಲ ಅದು. ಅವನನ್ನು ಕ್ಷಮಿಸಲು ದಾರಿ ಹುಡುಕಿಕೊಂಡು ಬಂದಿದ್ದಳು. ನಾನು ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಅಂಗಲಾಚಿದೆ. ಹೇಳೋ, ಇಲ್ಲ ಅಂತ ಒಂದೇ ಒಂದು ಮಾತು ಹೇಳೋ. ಜೀವಮಾನವೆಲ್ಲ ಹೇಳಿದ್ದೀಯಲ್ಲೋ.

"ಆಗ್ತಿತ್ತು" ಎಂದ ಅವನು. "ನಿನ್ನ ಕೈ ಉಳೀತಿತ್ತು. ನಾನು ಬೇಡ ಅಂದಿದ್ದಕ್ಕೇ ಹೋಯ್ತು."

ಪುಟ್ಟಿ "ಸರಿ ಅಪ್ಪ" ಎಂದು ಹೊರಟಳು. ಬಾಗಿಲು ದಾಟುವಾಗ ನನ್ನ ಕಡೆ ತಿರುಗಲೂ ಇಲ್ಲ.

ನಾನು ತಡೆಯಲಾರದೆ ಅವನ ಮೇಲೆ ಹಾರಿದೆ. "ನಿನಗೇನು ಬುದ್ಧಿ ಕೆಟ್ಟಿದ್ಯಾ? ಡಾಕ್ಟ್ರೇ ಗೊತ್ತಿಲ್ಲ ಅಂದ್ರಲ್ಲೋ. ನಿನಗೆ ಹೇಗೋ ಗೊತ್ತು?"

"ಗೊತ್ತಿಲ್ಲ."

"ಮತ್ತೆ?"

ಅವನು ಚಾಕು ಎತ್ತಿಕೊಂಡ, ಮತ್ತೆ ಕೆಳಗಿಟ್ಟ. "ಶಾಫ್ಟಿಂದಲ್ಲ ಅಂದ್ರೆ ಇನ್ನೇನಿಂದ? ಡಾಕ್ಟ್ರು ಅವತ್ತು ಹೇಳಿದ್ದು ಮರೆತ್ಯಾ? ಅವಳ ಮಣಿಕಟ್ಟು, ಅವಳು ಹೊಡೆಯೋ ರೀತಿ. ವ್ಯತ್ಯಾಸ ಆಗ್ತಿರ್ಲಿಲ್ಲ ಅಂದ್ರೆ ಇವತ್ತು ಸುಮ್ನಾಗ್ತಾಳೆ. ಆರು ತಿಂಗಳು ಬಿಟ್ಟು, ಹಾಗಾದ್ರೆ ನಾನೇ ಸರಿಯಾಗಿ ಆಡ್ತಿರ್ಲಿಲ್ಲ ಅಂದ್ಕೋತಾಳೆ. ಆ ಹುಡುಗಿ ಹೊಡೆಯೋದ್ರಲ್ಲಿ ಒಂದು ತಪ್ಪೂ ಇರ್ಲಿಲ್ಲ ಕಣೋ. ನಾನು ನೋಡಿದ್ದೀನಿ. ನನ್ನ ಬೈಕೊಂಡಿರ್ಲಿ. ಅವಳಿಗೆ ಹೇಳ್ಬೇಡ."

ಅವನು ಹೇಳಿದ್ದು ನಿಜವೋ ಸುಳ್ಳೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಯಾವ ಪರೀಕ್ಷೆಯೂ ಈಗ ಇಲ್ಲ.

ಆ ವಾರವೇ ಪುಟ್ಟಿ ಕನ್ನಡಕದ ಅಂಗಡಿಯ ಹತ್ತಿರ ಬೇರೆ ಕೋಣೆ ಮಾಡಿಕೊಂಡು ಹೋದಳು. ಭಾನುವಾರ ಅಮ್ಮನಿಗೆ ಫೋನು ಮಾಡುತ್ತಾಳೆ. ಅಪ್ಪ ಇದ್ದಾರಾ ಎಂದು ಕೇಳುವುದಿಲ್ಲ, ಕೊಡು ಎನ್ನುವುದೂ ಇಲ್ಲ. ಅವನು ಪಕ್ಕದ ಕುರ್ಚಿಯಲ್ಲಿ ಕೂತು ಅತ್ತ ಕಡೆಯ ದನಿ ಎಷ್ಟು ಕೇಳಿಸುತ್ತದೋ ಅಷ್ಟನ್ನು ಕೇಳಿಸಿಕೊಳ್ಳುತ್ತಾನಂತೆ.

ನಿನ್ನೆ ಅಂಗಡಿಗೆ ಪುಟ್ಟಿಯ ಫೋನು ಬಂತು. ಚೀಲ ಮಾರಾಟವಾಯಿತೇ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

"ಮಾಮ, ನೀವು ಅವತ್ತು ಬಾಗಿಲಲ್ಲೇ ಇದ್ರಲ್ಲ. ಅಪ್ಪ ಹೇಳಿದ್ದು ನಿಜಾನಾ? ಅಥವಾ ನನ್ನ ಸಮಾಧಾನಕ್ಕೆ ಏನಾದ್ರೂ..."

ಒಳಗಿನ ಕೋಣೆಯಲ್ಲಿ ಬೇಡಪ್ಪ ಯಾರಿಗೋ ತಗೊಳ್ಳಿ ಎನ್ನುತ್ತಿದ್ದ. ನನ್ನ ಬಾಯಲ್ಲಿ ಒಂದು ಮಾತಿತ್ತು: ಅವನಿಗೂ ಗೊತ್ತಿಲ್ಲ ಕಣಮ್ಮ. ಅದನ್ನು ಹೇಳಿದ್ದರೆ ಈ ಭಾನುವಾರವೇ ಅವಳು ಮನೆಗೆ ಬರುತ್ತಿದ್ದಳೋ ಏನೋ. ಆದರೆ ಆಮೇಲೆ ಒಬ್ಬಳೇ ಕೂತು ತನ್ನ ಕೈಯನ್ನು ನೋಡಿಕೊಳ್ಳುವಾಗ ಅವಳಿಗೆ ಏನನ್ನಿಸುತ್ತದೆ ಎಂದು ಯೋಚಿಸಿದೆ.

"ನಿಜ ಕಣಮ್ಮ" ಎಂದೆ. "ಆ ಶಾಫ್ಟ್ ಹಾಕ್ಸಿದ್ರೆ ನಿನ್ನ ಕೈ ಖಂಡಿತ ಉಳೀತಿತ್ತು."

ಸರಿ ಮಾಮ ಎಂದು ಅವಳು ಫೋನಿಟ್ಟಳು.